ವಿಮಾನದಲ್ಲಿ ತಿರುಗಿ ಬಂದ ಹಗ್ಗ

ನಮ್ಮ ಅಡುಗೆಮನೆಯ ಗೋಡೆಯಲ್ಲಿ, ರೊಟ್ಟಿಯ ಹಂಚಿಗೂ ಹಿಟ್ಟಿನ ಜರಡಿಗೂ ನಡುವೆ, ಒಂದು ಮೊಳೆಯಿದೆ. ವಿಮಾನದವರು ಚೀಲದ ಹಿಡಿಕೆಗೆ ಸುತ್ತಿ ಅಂಟಿಸುತ್ತಾರಲ್ಲ, ಅಂಥ ಉದ್ದನೆಯ ಬಿಳಿ ಚೀಟಿಯೊಂದು ಆ ಮೊಳೆಗೆ ನೇತಾಡುತ್ತಿದೆ. ಒಗ್ಗರಣೆಯ ಹೊಗೆಗೆ ಅದು ಹಳದಿ ತಿರುಗಿದೆ, ಅಂಚು ಸುರುಳಿಗಟ್ಟಿದೆ, ಆದರೂ ಬೀದರಿನ ಗುರುತಿನ ಅಕ್ಷರಗಳು ಇನ್ನೂ ಕಪ್ಪಗೆ ಕಾಣುತ್ತವೆ. ಬೀದರಿನ ಮೈಲೂರು ಬಡಾವಣೆಯ ಈ ಬಾಡಿಗೆ ಮನೆಗೆ ಬಂದವರು ಚಹಾ ಕುಡಿಯುತ್ತ ಅದನ್ನು ನೋಡದೆ ಇರುವುದಿಲ್ಲ. ಪಕ್ಕದ ಮನೆಯ ಶಿಕ್ಷಕಿಯಂತೂ, "ವಿಮಾನದಾಗ ಹೋಗಿದ್ದು ಮಂದಿಗಿ ತೋರಸ್ಲಾಕ ತೂಗ ಹಾಕೀರೇನ್ರಿ ಮೇಡಂ?" ಎಂದು ಪ್ರತಿ ಸಲವೂ ನಗುತ್ತಾರೆ. ನಾನೂ ನಗುತ್ತೇನೆ. ನಗದೆ ಮಾಡುವುದೇನು? ಸಿಟ್ಟನ್ನು ಮೊಳೆಗೆ ತೂಗುಹಾಕಿ ಅದರ ಕೆಳಗೆ ರೊಟ್ಟಿ ಬಡಿಯುವವಳಿಗೆ ಬೇರೆ ದಾರಿ ತಿಳಿದಿಲ್ಲ.

ಮೊದಲು ಆ ಮೊಳೆಗೆ ತೂಗುತ್ತಿದ್ದದ್ದು ಒಂದು ಕೊಂಡಿ. ಅಂಗೈಯಗಲದ, ಮೊಟ್ಟೆಯಾಕಾರದ, ಹಗುರ ಲೋಹದ ಕೊಂಡಿ. ಒಂದು ಬದಿಗೆ ಸ್ಪ್ರಿಂಗಿನ ಪುಟ್ಟ ಬಾಗಿಲು, ಆ ಬಾಗಿಲು ತಾನಾಗಿ ತೆರೆಯದಂತೆ ತಿರುಗಿಸಿ ಬಿಗಿಯುವ ತಿರುಪು. ಬಂಡೆ ಹತ್ತುವವರು ತಮ್ಮ ಸೊಂಟದ ಪಟ್ಟಿಯನ್ನೂ ಹಗ್ಗವನ್ನೂ ಕೂಡಿಸುವುದು ಇದರಿಂದಲೇ. ಕಾಲೇಜಿನ ದಿನಗಳಲ್ಲಿ ಎನ್‌ಸಿಸಿಯ ಶಿಬಿರವೊಂದರಲ್ಲಿ ನನಗೆ ಈ ಹುಚ್ಚು ಹತ್ತಿತು. ಈಗ ಭಾಲ್ಕಿಯ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ; ರಜೆಗೊಮ್ಮೆ ನಮ್ಮ ಹುಡುಗಿಯರನ್ನು ಕಟ್ಟಿಕೊಂಡು ದಕ್ಷಿಣದ ಬಂಡೆಗಳ ಕಡೆ ಹೋಗುತ್ತೇನೆ. ಸಾಮಾನು ನನ್ನದೇ: ಒಂದು ಹಗ್ಗ, ಒಂದು ಸೊಂಟಪಟ್ಟಿ, ಒಂದು ಟೊಪ್ಪಿಗೆ, ಕೆಲವು ಕೊಂಡಿಗಳು. ಶಿಬಿರವಿಲ್ಲದ ದಿನಗಳಲ್ಲಿ ಒಂದು ಕೊಂಡಿ ಅಡುಗೆಮನೆಗೆ ಬಂದು ಸೌಟುಗಳನ್ನು ಹಿಡಿದುಕೊಂಡಿರುತ್ತಿತ್ತು.

ಬಂಡೆ ಹತ್ತುವವರಲ್ಲಿ ಒಂದು ರೂಢಿಯಿದೆ, ನನಗೆ ತುಂಬ ಪ್ರಿಯವಾದದ್ದು. ನೆಲ ಬಿಡುವ ಮೊದಲು ಜೊತೆಗಾರರಿಬ್ಬರೂ ಒಬ್ಬರ ಗಂಟನ್ನು ಇನ್ನೊಬ್ಬರು ಕಣ್ಣಿಂದ ನೋಡಿ, ಕೈಯಿಂದ ಎಳೆದು, ಬಾಯಿಬಿಟ್ಟು ಹೇಳಬೇಕು: "ಕಟ್ಟಿದ್ದೇನೆ, ನೋಡು." "ನೋಡಿದ್ದೇನೆ, ಹತ್ತು." ಕಲಿಸಿದ ಗುರುವಾಗಲಿ, ನಿನ್ನೆ ಬಂದ ಶಿಷ್ಯೆಯಾಗಲಿ, ಯಾರಿಗೂ ವಿನಾಯಿತಿ ಇಲ್ಲ. ತನ್ನ ಗಂಟು ತನಗೆ ಯಾವಾಗಲೂ ಸರಿಯಾಗಿಯೇ ಕಾಣುತ್ತದೆ ಎಂಬ ಮನುಷ್ಯಸ್ವಭಾವವನ್ನು ಅರಿತವರು ಮಾಡಿದ ರೂಢಿ ಅದು. ನನ್ನ ವಿದ್ಯಾರ್ಥಿನಿಯರಿಗೆ ನಾನು ಕಲಿಸುವ ಇತಿಹಾಸವೆಲ್ಲ ಪರೀಕ್ಷೆಯ ಮರುದಿನವೇ ಮರೆತುಹೋಗುತ್ತದೆ. ಈ ಎರಡು ಮಾತು ಮಾತ್ರ ಅವರು ಬಸ್ಸಿನಲ್ಲಿ ಸೀಟು ಹಿಡಿಯುವಾಗಲೂ ಒದರುತ್ತಾರೆ.

ಆ ವರ್ಷ ಮಳೆ ಮುಖ ತೋರಿಸಿ ಹೋಗಿತ್ತು, ಹಿಂದಿನ ವರ್ಷ ಮುಖವನ್ನೂ ತೋರಿಸಿರಲಿಲ್ಲ. ಭಾಲ್ಕಿಯ ಬಸ್ ನಿಲ್ದಾಣದಲ್ಲಿ ದಿನಾ ಒಂದೇ ನೋಟ: ಕೌದಿಯಲ್ಲಿ ಸುತ್ತಿದ ಪಾತ್ರೆ, ತಲೆಕೆಳಗಾದ ಬಕೀಟು, ಅದರೊಳಗೆ ರೊಟ್ಟಿಯ ಹಂಚು, ಹಂಚಿನ ಮೇಲೆ ಕೂತ ಕೂಸು. ಹೈದರಾಬಾದಿನ ಕಡೆ, ಪುಣೆಯ ಕಡೆ, ಎಲ್ಲಿ ಕಟ್ಟಡ ಏಳುತ್ತದೋ ಆ ಕಡೆ ಹೋಗುವವರು. ಅದೇ ಹೊತ್ತಿಗೆ ನಮ್ಮ ಬೀದರಿನ ಆಕಾಶದಲ್ಲಿ ಪ್ರಯಾಣಿಕರ ವಿಮಾನ ಹಾರುತ್ತಿತ್ತು. ಊರು ಮುಂದುವರಿಯಿತು ಎಂದು ಮಂದಿ ಹಿಗ್ಗಿದರು, ನಾನೂ ಹಿಗ್ಗಿದೆ. ರಾತ್ರಿಯಿಡೀ ರೈಲಿನಲ್ಲಿ ಮುದುಡಿ ಕೂಡುವುದು ತಪ್ಪಿತಲ್ಲ ಎಂಬ ಸ್ವಾರ್ಥದ ಹಿಗ್ಗು.

ಶಿಬಿರ ಮುಗಿಸಿ, ಹುಡುಗಿಯರನ್ನು ಇನ್ನೊಬ್ಬ ಶಿಕ್ಷಕಿಯ ಜೊತೆ ರೈಲಿಗೆ ಹತ್ತಿಸಿ, ಒಂದು ಕೆಲಸಕ್ಕೆಂದು ಹಿಂದೆ ಉಳಿದಿದ್ದಾಗ ರಾಜಕುಮಾರನ ಫೋನು ಬಂತು. ಅವನು ನನ್ನ ಕಾಕನ ಮಗ, ತಮ್ಮನಾಗಬೇಕು. ಔರಾದ ತಾಲೂಕಿನ ನಮ್ಮ ಊರಿನವನು, ಕೆಲಸ ಹೈದರಾಬಾದಿನಲ್ಲಿ. ಎತ್ತರದ ಕಟ್ಟಡಗಳ ಹೊರಗೋಡೆಗೆ ನೇತಾಡಿಕೊಂಡು ಬಣ್ಣ ಹೊಡೆಯುತ್ತಾನೆ. ನಾಲ್ಕು ದಿನದ ಮಟ್ಟಿಗೆ ಊರಿಗೆ ಬಂದಿದ್ದ.

"ಅಕ್ಕಾ, ನಿನ್ನ ಗುಡ್ಡ ಏರೋ ಸಾಮಾನ ತೊಗೊಂಡ್ ಬಾ. ಬಾವಿ ಹೂಳ ತೆಗೀಬೇಕು."

"ಯಾರ ಇಳೀತಾರ?"

"ಮತ್ತ್ಯಾರ? ನಾನೇ. ಅಲ್ಲಿ ಹನ್ನೆರಡನೇ ಮಾಳಿಗಿಗಿ ನೇತಾಡಾಂವಗ ಈ ಬಾವಿ ಯಾವ ಲೆಕ್ಕ?"

"ಅಲ್ಲಿ ಸೊಂಟಕ್ಕ ಏನ ಕಟಗೋತಿ?"

"ಹಗ್ಗ."

"ಒಂದೇ?"

"ಎರಡ ಕೇಳಿದ್ರ ಠೇಕೇದಾರಗ ಎದಿ ನೋವ ಬರ್ತದ," ಎಂದು ನಕ್ಕ.

ಆ ಬಾವಿಯ ವಿಷಯ ಹೇಳಬೇಕು. ಅದು ನಮ್ಮ ಓಣಿಯ ಬಾವಿ. ಊರ ನಡುವಿನ ಬಾವಿಗೆ ನಮ್ಮವರ ಕೊಡ ತಾಗಬಾರದೆಂದು ಊರು ತೀರ್ಮಾನಿಸಿದ್ದ ಕಾಲದಲ್ಲಿ ನಮ್ಮ ಮುತ್ತಜ್ಜಂದಿರು ಕರಿಕಲ್ಲು ಒಡೆದು ತೋಡಿದ್ದು. ಆಮೇಲೆ ನಮ್ಮ ಓಣಿ ಬುದ್ಧನನ್ನು ಒಪ್ಪಿಕೊಂಡಿತು, ಮಕ್ಕಳು ಓದಿದರು, ನಳ ಬಂತು, ಬಾವಿಯನ್ನು ಎಲ್ಲರೂ ಮರೆತರು. ನಳ ಬತ್ತಿದಾಗ ಮತ್ತೆ ನೆನಪಾಯಿತು. ತಳದಲ್ಲಿ ಬೊಗಸೆಯಷ್ಟು ನೀರು ಜಿನುಗುತ್ತಿತ್ತು. ಅದನ್ನು ಮನೆಗಿಷ್ಟು ಎಂದು ಪಾಳಿಯ ಮೇಲೆ ಸೇದಿಕೊಳ್ಳುತ್ತಿದ್ದರು. ಯಾರ ಮನೆಯ ಪಾಳಿ ಯಾವಾಗ ಎಂಬುದು ಓಣಿಯ ಕೂಸಿಗೂ ಬಾಯಿಪಾಠ. ಪಾಳಿ ತಪ್ಪಿಸಿ ಕೊಡ ಇಳಿಸಿದವರು ನಮ್ಮ ಓಣಿಯಲ್ಲಿ ಇಲ್ಲ. ಹೂಳು ತೆಗೆದರೆ ಸೆಲೆ ಬಿಚ್ಚಿಕೊಳ್ಳಬಹುದೆಂಬ ಆಸೆ. ಆದರೆ ಮರುದಿನ ಮಧ್ಯಾಹ್ನ ಓಣಿಯ ಗಂಡಸರನ್ನು ಹೊತ್ತುಕೊಂಡು ಗಾಡಿ ಹೈದರಾಬಾದಿಗೆ ಹೊರಡುವುದಿತ್ತು. ಆಮೇಲೆ ಹಗ್ಗ ಜಗ್ಗಲು ಉಳಿಯುವವರು ಮುದುಕರು, ಬಸುರಿಯರು, ಬಾಣಂತಿಯರು.

ನನ್ನ ಹಗ್ಗವನ್ನು ನಾನು ಕಣ್ಣ ಮರೆಗೆ ಬಿಡುವವಳಲ್ಲ. ಬಂಡೆ ಹತ್ತುವವರ ಚಾಳಿ ಅದು. ಹಗ್ಗ ಎಲ್ಲಿತ್ತು, ಯಾರು ತುಳಿದರು, ಯಾವುದರ ಪಕ್ಕದಲ್ಲಿ ಇಟ್ಟರು ಎಂಬುದು ಗೊತ್ತಿಲ್ಲದಿದ್ದರೆ ಅದರ ಮೇಲೆ ಭಾರ ಬಿಡಲು ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ಅದೇ ದಿನದ ಬೀದರಿನ ವಿಮಾನಕ್ಕೆಂದು, ಸಾಮಾನಿನ ಚೀಲವನ್ನು ಬೆನ್ನಿಗೇ ಹಾಕಿಕೊಂಡು ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ನಿಂತೆ. ಯಂತ್ರದ ಹೊಟ್ಟೆಯೊಳಗೆ ಹೋದ ಚೀಲ ಹೊರಗೆ ಬರಲಿಲ್ಲ. ಸಮವಸ್ತ್ರದ ಅಧಿಕಾರಿಯೊಬ್ಬರು ಅದನ್ನು ಪಕ್ಕಕ್ಕೆ ಸರಿಸಿ, ಕೈಗವಸು ಹಾಕಿಕೊಂಡು ಬಿಚ್ಚಿದರು.

"ಇದೇನು ಮೇಡಂ?"

"ಹಗ್ಗ. ಬಂಡೆ ಹತ್ತುವುದಕ್ಕೆ."

"ವಿಮಾನದೊಳಗೆ ಬಂಡೆ ಎಲ್ಲಿದೆ?"

ಸಾಲಿನಲ್ಲಿದ್ದವರು ನಕ್ಕರು. ನನಗೂ ನಗು ಬಂತು, ಸುಳ್ಳು ಹೇಳಲಾರೆ. ಅವರು ಮರ್ಯಾದಸ್ಥರೇ. ಕೊಂಡಿಯನ್ನು ಬೆರಳುಗಳಿಗೆ ಸಿಕ್ಕಿಸಿ ಮುಷ್ಟಿ ಮಾಡಿ ತೋರಿಸಿದರು: "ಇದರಿಂದ ಹೊಡೆಯಬಹುದು." ಹಗ್ಗವನ್ನು ಎತ್ತಿ ತೋರಿಸಿದರು: "ಇದರಿಂದ ಒಬ್ಬರನ್ನು ಕಟ್ಟಿಹಾಕಬಹುದು." ಹೌದು ಸ್ವಾಮಿ, ಕಟ್ಟಿಹಾಕುವುದಕ್ಕೇ ಅದಿರುವುದು, ಬೀಳದ ಹಾಗೆ, ಎಂದು ಹೇಳುವಷ್ಟು ಧೈರ್ಯ ಅಲ್ಲಿ ನಿಂತವರಲ್ಲಿ ಯಾರಿಗಿರುತ್ತದೆ? ಮರಳಿ ಹೊರಗೆ ಹೋಗಿ, ಮೊದಲ ಕೌಂಟರಿನಲ್ಲಿ ಚೀಲವನ್ನು ಒಪ್ಪಿಸಿ ಬನ್ನಿ ಎಂದರು. ಓಡಿದೆ. ಕೌಂಟರು ಮುಚ್ಚುವ ಹೊತ್ತು. ಅಲ್ಲಿದ್ದ ಹುಡುಗಿ ಗೊಣಗುತ್ತ ಚೀಟಿ ಸುತ್ತಿದಳು. ಎಲ್ಲರ ಚೀಲಗಳೂ ಹೋದ ಮೇಲೆ ನನ್ನದೊಂದು ಒಂಟಿಯಾಗಿ ರಬ್ಬರಿನ ಪರದೆಯ ಹಿಂದೆ ಮಾಯವಾಯಿತು.

ವಿಮಾನದಲ್ಲಿ ಕೂತ ಮೇಲೆ ನಡೆದದ್ದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅದು ಈಗ ನನ್ನ ಕಣ್ಣಿಗೆ ಬೇರೆಯಾಗಿ ಕಾಣುತ್ತದೆ. ಗಗನಸಖಿ ನಡುದಾರಿಯಲ್ಲಿ ನಿಂತು, ಸೊಂಟದ ಪಟ್ಟಿಯನ್ನು ಹೇಗೆ ಸಿಕ್ಕಿಸಬೇಕು, ಹೇಗೆ ಬಿಗಿಯಬೇಕು, ಹೇಗೆ ಬಿಚ್ಚಬೇಕು ಎಂದು ಎರಡೂ ಕೈಯೆತ್ತಿ ತೋರಿಸಿದಳು. ಆಮೇಲೆ ಒಬ್ಬೊಬ್ಬರ ಹತ್ತಿರ ಬಂದು, ಬಗ್ಗಿ, ನಮ್ಮ ನಮ್ಮ ಹೊಟ್ಟೆಯ ಮೇಲಿನ ಪಟ್ಟಿಯನ್ನು ನೋಡುತ್ತ ಹೋದಳು. ಅಬ್ಬಾ, ಇದು ನಮ್ಮದೇ ರೂಢಿಯಲ್ಲವೇ ಎನಿಸಿತು ನನಗೆ. ಮೆತ್ತನೆಯ ಕುರ್ಚಿಯಲ್ಲಿ, ತಂಪು ಗಾಳಿಯಲ್ಲಿ, ಕಡಲೆ ಪೊಟ್ಟಣ ಬಿಚ್ಚುತ್ತ ಕೂತವರ ಗಂಟನ್ನು ನೋಡಲು ಸಂಬಳ ಕೊಟ್ಟು ಒಬ್ಬಳನ್ನು ಇಟ್ಟಿದ್ದಾರೆ! ಆ ಹೊತ್ತಿಗೆ ನನಗೆ ಅದು ನಾಗರಿಕತೆಯ ಸೊಗಸು ಎನಿಸಿತ್ತು. ಆ ಸೊಗಸು ಟಿಕೆಟಿನ ಜೊತೆ ಬರುವ ವಸ್ತು, ಟಿಕೆಟ್ ಇಲ್ಲದವನ ಗಂಟನ್ನು ಯಾರೂ ಬಗ್ಗಿ ನೋಡುವುದಿಲ್ಲ ಎಂಬುದು ಹೊಳೆಯಲು ಇನ್ನೊಂದು ಬೆಳಗು ಆಗಬೇಕಿತ್ತು.

ಬೀದರಿನಲ್ಲಿ ಇಳಿದು ಸಾಮಾನು ಹೊತ್ತು ತಿರುಗುವ ಪಟ್ಟಿಯ ಮುಂದೆ ನಿಂತೆ. ಸೂಟ್‌ಕೇಸುಗಳು ಬಂದವು. ದೊಡ್ಡ ಟಿವಿಯೊಂದರ ರಟ್ಟಿನ ಡಬ್ಬ, 'ಜೋಪಾನ' ಎಂಬರ್ಥದ ಗಾಜಿನ ಲೋಟದ ಚಿತ್ರ ಅಂಟಿಸಿಕೊಂಡು, ಮದುಮಗನಂತೆ ಮೆಲ್ಲಗೆ ಬಂತು. ನನ್ನ ಚೀಲ ಬರಲಿಲ್ಲ. ಪಟ್ಟಿ ನಿಂತಿತು. ಮೇಜಿನ ಹಿಂದೆ ಕೂತವನು ನಮ್ಮ ಕಡೆಯವನೇ, ಮಾತಿನಲ್ಲೇ ತಿಳಿಯುತ್ತಿತ್ತು.

"ಮೇಡಂ, ನಿಮ್ ಬ್ಯಾಗ್ ಅಲ್ಲೇ ಉಳದದರಿ. ವಿಮಾನ ಸಣ್ಣದರಿ, ವಜನ ಜಾಸ್ತಿ ಆದ್ರ ಒಂದೆರಡ ಇಳಸ್ತಾರ್ರಿ."

"ಯಾವುದ ಇಳಸಬೇಕಂತ ಹ್ಯಾಂಗ ತಿಳೀತದ್ರಿ ಅವರಿಗಿ?"

"ಕೊನಿಗಿ ಬಂದದ್ದು ಮೊದಲ ಇಳೀತದರಿ. ನಾಳಿ ಮಧ್ಯಾನದ ವಿಮಾನಕ್ಕ ಬರ್ತದರಿ, ನಾವೇ ಮನಿತನ ಮುಟ್ಟಸ್ತೇವ್ರಿ. ಫಿಕರ್ ಮಾಡಬ್ಯಾಡ್ರಿ."

"ನಾಳಿ ಮುಂಜಾನಿ ಆ ಹಗ್ಗದ ಮ್ಯಾಲ ಒಬ್ಬ ಮನಷ್ಯಾ ಬಾವಿಗಿ ಇಳಿಯಾಂವ ಇದ್ದಾನ್ರಿ."

ಅವನ ಮುಖ ಒಂದು ಗಳಿಗೆ ನಿಜವಾಗಿಯೂ ಬಾಡಿತು. "ಅಯ್ಯೋ, ಹೌದೇನ್ರಿ?" ಎಂದ. ಆಮೇಲೆ ತನ್ನ ಕೈಯಲ್ಲಿರುವುದು ಇಷ್ಟೇ ಎಂಬಂತೆ, "ತಕರಾರು ಬರಕೊಳ್ತೇನ್ರಿ ಮತ್ತ," ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವುದು ಹೀಗೆ ಯಾರ ಮೇಲೂ ಬರದಂತೆ ಕಟ್ಟಿದ ಆ ಏರ್ಪಾಡಿನ ಮೇಲೆ: ಒಬ್ಬರು ನನ್ನ ಹಗ್ಗವನ್ನು ನಿಯಮದಂತೆ ತಡೆದರು, ತಡೆದದ್ದರಿಂದ ಅದು ಕೊನೆಗೆ ಬಂತು, ಕೊನೆಗೆ ಬಂದದ್ದರಿಂದ ಇನ್ನೊಬ್ಬರು ಅದನ್ನು ನಿಯಮದಂತೆ ಇಳಿಸಿದರು. ಎಲ್ಲರೂ ಮರ್ಯಾದಸ್ಥರು, ಎಲ್ಲರೂ ಸರಿ.

ನಿಲ್ದಾಣದ ಹೊರಗೆ ನಿಂತೇ ರಾಜಕುಮಾರನಿಗೆ ಫೋನು ಮಾಡಿದೆ. ನಾಳೆ ಸಂಜೆಯವರೆಗೆ ತಡಿ, ಹಗ್ಗ ನಾನೇ ತರುತ್ತೇನೆ ಎಂದೆ.

"ಸಂಜಿಗಿ ಹಗ್ಗ ಇರ್ತದ, ಹಿಡಿಯೋರು ಇರಂಗಿಲ್ಲಕ್ಕಾ," ಎಂದ. "ನೀ ಏನ್ ಅಂಜಬ್ಯಾಡ. ಅವ್ವ ಹೊಸಾ ಹಗ್ಗ ತರಿಸ್ಯಾಳ, ಔರಾದ ಪ್ಯಾಟಿಂದು. ನೀಲಿ ಬಣ್ಣದ್ದು, ಹೀರೋನಂಗ ಕಾಣ್ತೇನಿ."

ಮರುದಿನ ಮೊದಲ ಬಸ್ಸು ಹಿಡಿದು ಹೊರಟೆ. ಬರಿಗೈಯಲ್ಲಿ ಹೋಗಿ ಮಾಡುವುದೇನು ಎಂಬುದು ನನಗೂ ತಿಳಿದಿರಲಿಲ್ಲ. ಕನಿಷ್ಠ ಗಂಟನ್ನಾದರೂ ನೋಡಬಹುದಲ್ಲ ಎಂಬ ಆಸೆ. ಆದರೆ ಬಿಸಿಲೇರುವ ಮೊದಲೇ ಕೆಲಸ ಶುರು ಮಾಡಿದ್ದರು. ನಾನು ಓಣಿ ಮುಟ್ಟಿದಾಗ ಬಾವಿಯ ಸುತ್ತ ಕರಿ ಕೆಸರಿನ ಗುಡ್ಡೆ ಬಿದ್ದಿತ್ತು, ಹೆಂಗಸರು ಅದನ್ನು ಪುಟ್ಟಿಯಲ್ಲಿ ಹೊತ್ತು ಆಚೆ ಸುರಿಯುತ್ತಿದ್ದರು. ಎರಡು ಗಾಲಿ ಕಟ್ಟಿದ್ದರು. ಒಂದರ ಮೇಲೆ ಹಳೆಯ ಪುಂಡಿ ನಾರಿನ ಹಗ್ಗ; ಅದರ ತುದಿಗೆ ಕೆಸರಿನ ಕಬ್ಬಿಣದ ಬಕೀಟು. ಇನ್ನೊಂದರ ಮೇಲೆ ಆ ಹೊಸ ನೀಲಿ ಪ್ಲಾಸ್ಟಿಕ್ ಹಗ್ಗ. ಅದರ ತುದಿಗೆ ನನ್ನ ತಮ್ಮ. ಹಳೆಯದು ಮಣ್ಣಿಗೆ, ಹೊಸದು ಮನುಷ್ಯನಿಗೆ. ಪ್ರೀತಿಯ ಲೆಕ್ಕಾಚಾರ ಅದು, ಯಾರು ತಪ್ಪೆನ್ನುತ್ತಾರೆ?

ಕೆಲಸ ಮುಗಿದಿತ್ತು. ಅವನನ್ನು ಮೇಲಕ್ಕೆ ಜಗ್ಗುತ್ತಿದ್ದರು. ನಾನು ಬಗ್ಗಿ ನೋಡಿದೆ: ಕೆಳಗೆ, ಬಾವಿಯ ಅರ್ಧದಲ್ಲಿ, ಕೆಸರು ಮೆತ್ತಿದ ಮುಖದಲ್ಲಿ ಹಲ್ಲು ಮಾತ್ರ ಬೆಳ್ಳಗೆ ಕಂಡಿತು. "ಬಂದ್ಯಾ ಅಕ್ಕಾ? ಸೆಲಿ ಬಿಟ್ಟದ, ಕಾಲ ತಂಪ ಹತ್ಲತಾವ!" ಎಂದು ಕೂಗಿದ. ಕಾಕು, ಎಂದರೆ ಅವನ ತಾಯಿ, ನನ್ನ ಪಕ್ಕಕ್ಕೆ ಬಂದು ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿದಳು.

"ನೀ ಅಂಜಕೊಂಡ್ ಓಡಿ ಬಂದೀ ಯವ್ವಾ. ನಾ ಎಲ್ಲಾ ಬರೋಬರಿ ಮಾಡೀನಿ. ಸೊಂಟಕ್ಕ ಕಟ್ಟೋ ಜಾಗಕ್ಕ ಕುಸುಬಿ ಎಣ್ಣಿ ಕುಡಿಸೀನಿ, ರಾತ್ರೆಲ್ಲಾ."

ಪುಂಡಿಯ ಹಗ್ಗವನ್ನು ಮೈಗೆ ಕಟ್ಟಿಕೊಂಡವರಿಗೆ ಗೊತ್ತು, ಅದರ ನಾರು ಸೂಜಿಯಂತೆ ಚುಚ್ಚುತ್ತದೆ, ಒಣಗಿದರೆ ಒಡೆಯುತ್ತದೆ. ಆದ್ದರಿಂದ ಬಾವಿಗೆ ಇಳಿಯುವವನ ಮನೆಯ ಹೆಂಗಸು ಹಿಂದಿನ ರಾತ್ರಿ ಹಗ್ಗದ ತುದಿಗೆ ಎಣ್ಣೆ ಕುಡಿಸುವುದು ನಮ್ಮ ಓಣಿಯ ಹಳೆಯ ರೂಢಿ. ನಾರು ಎಣ್ಣೆಯನ್ನು ಕುಡಿದು ಮೆತ್ತಗಾಗುತ್ತದೆ, ಮೆತ್ತಗಾದ ಗಂಟು ಇನ್ನೂ ಬಿಗಿಯಾಗಿ ಕೂಡುತ್ತದೆ. ದೇವರ ಭಯದ ಮಾತಲ್ಲ ಇದು, ಅನುಭವ ಕಲಿಸಿದ ಜಾಣತನ. ಆದರೆ ಪ್ಲಾಸ್ಟಿಕ್ಕಿಗೆ ಎಣ್ಣೆ ಕುಡಿಯಲು ಬಾಯಿಲ್ಲ. ಅದು ಎಣ್ಣೆಯನ್ನು ಮೈಮೇಲೆ ಹೊದ್ದುಕೊಂಡು ಹಾಗೇ ಕೂಡುತ್ತದೆ.

ಕಾಕುವಿನ ಮಾತು ನನ್ನ ಕಿವಿಯಲ್ಲಿ ಅರ್ಥವಾಗುವುದಕ್ಕೂ ನನ್ನ ಕಣ್ಣು ಆ ಗಂಟಿನ ಮೇಲೆ ಬೀಳುವುದಕ್ಕೂ ಸರಿಹೋಯಿತು. ಅವನ ಹೊಟ್ಟೆಯ ಮೇಲೆ ಗಂಟಿನಿಂದ ಹೊರಗೆ ಉಳಿದಿರಬೇಕಾದ ಹಗ್ಗದ ಬಾಲ ಕಾಣುತ್ತಿರಲಿಲ್ಲ. ಒಂದೊಂದು ಜಗ್ಗಿಗೂ ಅದು ಒಳಗೆ, ಒಳಗೆ ಸರಿದುಹೋಗಿತ್ತು, ಬಿಲದೊಳಗೆ ಹೋಗುವ ಹಾವಿನಂತೆ. "ನಿಲ್ಲಸ್ರಿ, ಜಗ್ಗಬ್ಯಾಡ್ರಿ!" ಎಂದು ಚೀರಿದೆ. ಜಗ್ಗುವವರು, ಪಾಪ, ಏನೋ ಆಯಿತೆಂದು ಇನ್ನೂ ಜೋರಾಗಿ ಒಮ್ಮೆ ಜಗ್ಗಿದರು. ಸುತ್ತು ಅವನ ಹೊಟ್ಟೆಯಿಂದ ಕಂಕುಳಿಗೆ ಏರಿತು, ಕೈಗಳು ಮೇಲಕ್ಕೆದ್ದವು, ಗಂಟು ಬಿಚ್ಚಿಕೊಂಡಿತು. ಹಗ್ಗ ಜಗ್ಗುತ್ತಿದ್ದ ಗಂಡಸರೆಲ್ಲ ಹಿಂದಕ್ಕೆ ಅಂಗಾತ ಬಿದ್ದರು, ನೀಲಿ ಹಗ್ಗದ ತುದಿ ಗಾಲಿಯನ್ನು ಹಾರಿ ಬಂದು ಅವರ ಮೇಲೆ ಬಿತ್ತು. ಬರಿ ತುದಿ.

ಗೆಳೆಯರೇ, ಇಲ್ಲಿಗೆ ಬಂದಾಗ ಪ್ರತಿ ಸಲವೂ ನಾನು ನಿಲ್ಲುತ್ತೇನೆ. ಬಸ್ಸಿನಲ್ಲಿ, ಪಾಠದ ನಡುವೆ, ಹಾಲು ಕಾಯಿಸುವಾಗ, ಆ ಬರಿ ತುದಿ ಗಾಲಿಯನ್ನು ಹಾರುತ್ತದೆ, ನಾನು ನಿಂತಲ್ಲೇ ನಿಲ್ಲುತ್ತೇನೆ, ಹಾಲು ಉಕ್ಕುತ್ತದೆ.

ಅವನು ಬಿದ್ದ, ಆದರೆ ತಳದವರೆಗೆ ಬೀಳಲಿಲ್ಲ. ಮುತ್ತಜ್ಜಂದಿರು ಇಳಿಯಲೆಂದು ಗೋಡೆಯಿಂದ ಹೊರಚಾಚಿ ಬಿಟ್ಟಿದ್ದ ಕಲ್ಲೊಂದಕ್ಕೆ ಅವನ ಬಲಗೈ ಸಿಕ್ಕಿತು. ಒಂದೇ ಕೈಯಲ್ಲಿ ತೂಗುತ್ತಿದ್ದ. ಪಕ್ಕದಲ್ಲೇ ಕೆಸರಿನ ಬಕೀಟು ಪುಂಡಿ ಹಗ್ಗಕ್ಕೆ ಅಲುಗಾಡುತ್ತಿತ್ತು. "ರಾಜಾ, ಬಕೀಟಿನ್ಯಾಗ ಕಾಲ ಇಡು! ಹಗ್ಗ ತಬ್ಬಕೋ! ಕಲ್ಲ ಆಮ್ಯಾಲ ಬಿಡು, ಮೊದಲ ಕಾಲ!" ಎಂದು ಕೂಗಿದ್ದು ನಾನೇ ಅಂತೆ, ನನಗೆ ನೆನಪಿರುವುದು ಬೇರೆ ಯಾರೋ ಕೂಗಿದ ಹಾಗೆ. ಅವನು ಕಾಲಿಟ್ಟ. ಆ ಹಳೆಯ, ಮಣ್ಣಿಗೆ ಸಾಕೆಂದು ಬಿಟ್ಟಿದ್ದ ಹಗ್ಗವನ್ನು ಎದೆಗೆ ಅವುಚಿಕೊಂಡ. ಗಂಡಸರು ಎದ್ದು ಬಂದು ಅದನ್ನು ಹಿಡಿದರು, ಹೆಂಗಸರು ಪುಟ್ಟಿ ಬಿಸುಟು ಅವರ ಹಿಂದೆ ನಿಂತು ಹಿಡಿದರು. ಮೇಲೆ ಬಂದಾಗ ಅವನ ಬಲ ಅಂಗೈಯ ಚರ್ಮ ಕಲ್ಲಿನ ಮೇಲೇ ಉಳಿದಿತ್ತು, ಭುಜ ಗೂಡು ಬಿಟ್ಟು ಕೆಳಗಿಳಿದಿತ್ತು. ದಂಡೆಯ ಮೇಲೆ ಬಿದ್ದುಕೊಂಡು ಅವನು ಆಡಿದ ಮೊದಲ ಮಾತು:

"ಅಕ್ಕಾ, ನಿನ್ನ ಹಗ್ಗ ಎಲ್ಲಿ? ಇನ್ನಾ ವಿಮಾನದಾಗೇ ತಿರಗ್ಲತದೇನು?"

ಕಾಕು ಕಲ್ಲಿನ ಮೇಲೆ ಕೂತು, ಬೂದಿ ತೆಗೆದುಕೊಂಡು, ತನ್ನ ಎರಡೂ ಕೈಗಳನ್ನು ಉಜ್ಜುತ್ತಿದ್ದಳು, ಉಜ್ಜುತ್ತಿದ್ದಳು. ಎಣ್ಣೆ ಯಾವಾಗಲೋ ಹೋಗಿತ್ತು. ಆ ಬರದಲ್ಲಿ, ಆ ಬಾವಿಯ ಮುಂದೆ, ಒಂದು ತಂಬಿಗೆ ನೀರು ಕೈ ತೊಳೆಯಲು ಸುರಿದುಕೊಂಡ ಹೆಂಗಸನ್ನು ಯಾರೂ ತಡೆಯಲಿಲ್ಲ.

ಔರಾದಿನ ಆಸ್ಪತ್ರೆಯಲ್ಲಿ ಅವನ ಭುಜವನ್ನು ಕೂಡಿಸುವಾಗ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಫೋನು ಬಂತು. ಬೀದರಿನ ವಿಮಾನ ನಿಲ್ದಾಣದ ಮೇಜಿನ ಹುಡುಗನೇ, ಸಂತೋಷದ ದನಿ. "ಮೇಡಂ, ನಿಮ್ ಬ್ಯಾಗ್ ಬಂದದರಿ. ಸೇಫ್ ಅದರಿ, ಏನೂ ಆಗಿಲ್ರಿ. ಪ್ಲಾಸ್ಟಿಕ್ ಸುತ್ತಿ ಜೋಪಾನ ಕಳಸ್ಯಾರ್ರಿ."

ಚೀಲ ಸುರಕ್ಷಿತವಾಗಿತ್ತು. ನಾನು ಇಂದಿಗೂ ಆ ಮಾತನ್ನು ಅಗಿಯುತ್ತಿದ್ದೇನೆ, ಜೋಳದ ನಡುವೆ ಸಿಕ್ಕ ಹರಳಿನಂತೆ, ನುಂಗಲೂ ಬಾರದು, ಉಗುಳಿದರೆ ಹಲ್ಲು ಉಳಿದೀತೋ ಇಲ್ಲವೋ. ಕಾಕುವಿನ ರೂಢಿ ಹಳೆಯ ಹಗ್ಗಕ್ಕೆ ಹುಟ್ಟಿದ್ದು, ಹೊಸ ಹಗ್ಗಕ್ಕೆ ಹೊಂದಲಿಲ್ಲ ಎಂದು ಓದಿದ ನಾವು ತಲೆಯಾಡಿಸುತ್ತೇವೆ. ಯಾವನೋ ದುಷ್ಟನಿಗೆಂದು ಹುಟ್ಟಿದ ರೂಢಿಯನ್ನು ನನ್ನ ಹಗ್ಗಕ್ಕೆ ಹಚ್ಚಿದ ಕೈಗವಸುಗಳ ಬಗ್ಗೆ ಯಾರೂ ತಲೆಯಾಡಿಸುವುದಿಲ್ಲ. ಎರಡೂ ಕಡೆ ಒಂದೇ ಕುರುಡು: ಎದುರಿಗಿರುವ ವಸ್ತುವನ್ನು ನೋಡದೆ ಹಿಂದಿನವರು ಹೇಳಿದ್ದನ್ನು ಮಾಡುವುದು. ಆದರೆ ಒಂದು ಕುರುಡಿಗೆ ಗೌರವ, ಸಮವಸ್ತ್ರ, ಯಂತ್ರ; ಇನ್ನೊಂದಕ್ಕೆ ಬೂದಿಯಲ್ಲಿ ಕೈ ಉಜ್ಜಿಕೊಳ್ಳುವ ಶಿಕ್ಷೆ. ವಿಮಾನದ ಕುರುಡು ತನ್ನ ಮೈಮೇಲೆ ಒಂದು ಗೀರೂ ಬೀಳದಂತೆ ನೋಡಿಕೊಳ್ಳುತ್ತದೆ. ಕಾಕುವಿನ ಕುರುಡು ತನ್ನ ಮಗನನ್ನೇ ಕಳೆದುಕೊಳ್ಳುವ ತನಕ ಹೋಗಿ ಬರುತ್ತದೆ.

ಅವಳ ಕೈಯನ್ನು ಹಿಡಿದು ನಿನ್ನ ತಪ್ಪಲ್ಲ ಎಂದೆ. ಹಾಗೆನ್ನಲು ನನಗೆ ಬಾಯಿ ಬಂದೀತು, ಅವಳಿಗೆ ನಂಬಿಕೆ ಬಾರದು. ಹಾಗಾದರೆ ಯಾರದು? ನೆಲದೊಳಗಿನ ನೀರನ್ನು ಆಳದಿಂದ ಹೀರಿ ನಮ್ಮ ಬಾವಿಯನ್ನು ಒಣಗಿಸಿದವರದ್ದೆ? ಡಾಂಬರು ರಸ್ತೆಯ ತನಕ ಬಂದು ನಮ್ಮ ಓಣಿಯ ತಿರುವಿನಲ್ಲಿ ಗಾಡಿ ತಿರುಗುವುದಿಲ್ಲವೆಂದು ಮರಳಿ ಹೋಗುವ ನೀರಿನ ಟ್ಯಾಂಕರಿನದ್ದೆ? ಹಗ್ಗ ಹಿಡಿಯುವ ಕೈಗಳನ್ನೆಲ್ಲ ಒಂದೇ ಮಧ್ಯಾಹ್ನ ಗಾಡಿಯಲ್ಲಿ ತುಂಬಿಕೊಂಡು ಹೋಗುವ ಬದುಕಿನದ್ದೆ? ಗಾಡಿ ಆ ಮಧ್ಯಾಹ್ನ ಹೊರಟಿತು, ಹೇಳುವುದು ಮರೆತೆ. ಅವನನ್ನು ಎತ್ತಿದ ಗಂಡಸರೆಲ್ಲ ಆಸ್ಪತ್ರೆಯ ಬಾಗಿಲಿಗೆ ಬಂದು, ಗಾಡಿಯ ಕಿಟಕಿಯಿಂದ ಕೈಬೀಸಿ ಹೋದರು. ತಡಮಾಡಿದರೆ ಅವರ ಜಾಗದಲ್ಲಿ ಬೇರೆಯವರು ನೇತಾಡುತ್ತಾರೆ.

ಅಂಗೈ ಒಣಗಿ, ಭುಜ ತಿರುಗುವಂತಾದ ಮೇಲೆ ರಾಜಕುಮಾರನೂ ಹೊರಟ. ಬೇಡವೆಂದು ಹೇಳಲು ನನ್ನ ಹತ್ತಿರ ಇನ್ನೊಂದು ಕೆಲಸವಿರಲಿಲ್ಲ. ನನ್ನ ಹಗ್ಗ, ಸೊಂಟಪಟ್ಟಿ, ಟೊಪ್ಪಿಗೆ, ಮೊಳೆಗೆ ತೂಗಿದ್ದ ಕೊಂಡಿಯೂ ಸೇರಿದಂತೆ ಎಲ್ಲವನ್ನೂ ಜೋಳದ ಚೀಲದಲ್ಲಿ ಕಟ್ಟಿಕೊಟ್ಟೆ. ವಿಮಾನದ ಚೀಟಿಯನ್ನು ಕಿತ್ತು ಇಲ್ಲೇ ಇಟ್ಟುಕೊಂಡೆ. ಅದಕ್ಕೂ ಮೊದಲು, ಹಗ್ಗವನ್ನು ನಮ್ಮ ಅಂಗಳದ ಬೇವಿಗೆ ನೇತುಹಾಕಿ, ಅವನಿಗೆ ಪಟ್ಟಿ ಬಿಗಿಯುವುದನ್ನೂ ಗಂಟು ಹಾಕುವುದನ್ನೂ ಆ ಎರಡು ಮಾತನ್ನೂ ಕಲಿಸಿದೆ. ಬೀದರಿನ ಬಸ್ ನಿಲ್ದಾಣದಲ್ಲಿ ಕಂಡಕ್ಟರು ಚೀಲವನ್ನು ಕಾಲಿನಿಂದ ಒತ್ತಿ ನೋಡಿದ.

"ಏನದ ಇದರಾಗ?"

"ಹಗ್ಗರಿ."

"ಒಗಿ ಮ್ಯಾಲ."

ತಪಾಸಣೆ ಮುಗಿಯಿತು.

ಹೋದ ಮೇಲೆ ಕೆಲ ದಿನ ಅವನು ಕೆಲಸಕ್ಕೆ ಏರುವ ಮೊದಲು ವಿಡಿಯೊ ಕಾಲ್ ಮಾಡುತ್ತಿದ್ದ. ನಾನು ಇಲ್ಲಿ ಒಲೆಯ ಮುಂದೆ ನಿಂತು, ಹಿಟ್ಟಿನ ಕೈಯಲ್ಲೇ ಫೋನು ಹಿಡಿದು, ಅವನ ಸೊಂಟದ ಗಂಟನ್ನು ನೋಡುತ್ತಿದ್ದೆ. "ಕಟ್ಟೀನಿ, ನೋಡಕ್ಕಾ." "ನೋಡೀನಿ, ಏರು." ಹಿಂದಿನಿಂದ ಅವನ ಜೊತೆಯವರು, "ಏ ರಾಜಾ, ಕುದರಿಗಿ ಜೀನ ಹಾಕ್ಯಾರ ನೋಡ್ರೋ!" ಎಂದು ಛೇಡಿಸುವುದು ಕೇಳುತ್ತಿತ್ತು. ಬರಬರುತ್ತ ಆ ನಗೆ ಕೇಳದಾಯಿತು. ಅವರೇ ಬಗ್ಗಿ ಅವನ ಗಂಟನ್ನು ಎಳೆದು ನೋಡುವುದು ಕಾಣಿಸಿತು. ನನ್ನ ಸಿಟ್ಟು ಅಂಗುಲದಷ್ಟು ಇಳಿಯಿತು ಎಂದು ಹೇಳಿದರೆ ಸುಳ್ಳಲ್ಲ.

ಮೊನ್ನೆ ಬೆಳಿಗ್ಗೆ ಫೋನು ಬಂತು. ತೆರೆಯಲ್ಲಿ ಅವನ ಮುಖ ಕಂಡಿತು, ಹಿಂದೆ ಬಣ್ಣವಿಲ್ಲದ ಎತ್ತರದ ಗೋಡೆ. ಸೊಂಟದಲ್ಲಿ ಪಟ್ಟಿ ಇರಲಿಲ್ಲ. ಹಿಂದಿನ ಹಾಗೆಯೇ, ಬರಿ ಹಗ್ಗದ ಒಂದು ಸುತ್ತು.

"ಪಟ್ಟಿ ಎಲ್ಲಿ ರಾಜಾ?"

"ಅದಾ ಅಕ್ಕಾ, ಎಲ್ಲೀ ಹೋಗಿಲ್ಲ." ಅವನು ಫೋನನ್ನು ತಿರುಗಿಸಿದ. ಆ ದಿನ ಬಾವಿಯ ದಂಡೆಯಲ್ಲಿ ಹಗ್ಗ ಜಗ್ಗಿದವರಲ್ಲಿ ಒಬ್ಬ, ನಮ್ಮ ಓಣಿಯವನೇ, ನನ್ನ ಟೊಪ್ಪಿಗೆ ಹಾಕಿಕೊಂಡು, ನನ್ನ ಪಟ್ಟಿ ಬಿಗಿದುಕೊಂಡು, ನನ್ನ ಕೊಂಡಿಯ ತಿರುಪು ತಿರುಗಿಸುತ್ತಿದ್ದ. ನನ್ನನ್ನು ನೋಡಿ ನಾಚಿ ನಕ್ಕ. ಫೋನಿನ ಹಿಂದಿನಿಂದ ರಾಜಕುಮಾರನ ದನಿ ಬಂತು: "ಇರೋದೇ ಒಂದು. ನೇತಾಡೋರು ನಾವ ನಾಕ ಮಂದಿ, ನಾಕೂ ಮಂದಿಗಿ ಮನ್ಯಾಗ ಮಕ್ಕಳಿದಾವ. ಅದಕ್ಕ ಪಾಳಿ ಹಚ್ಚೀವಿ, ಬಾವಿ ನೀರಿಗಿ ಹಚ್ಚಿದಂಗ. ಇವತ್ತ ನನ್ನ ಪಾಳಿ ಇಲ್ಲಕ್ಕಾ."

ಪಾಳಿ ತಪ್ಪಿಸಿದವರು ನಮ್ಮ ಓಣಿಯಲ್ಲಿ ಇಲ್ಲ ಎಂದು ಹೆಮ್ಮೆಯಿಂದ ನಾನೇ ಮೇಲೆ ಬರೆದಿದ್ದೇನೆ. ಈಗ ಅದನ್ನು ತಪ್ಪಿಸು ಎಂದು ಯಾವ ಬಾಯಿಂದ ಹೇಳಲಿ?

"ಕಟ್ಟೀನಿ, ನೋಡು," ಎಂದ.

ಎದುರಿಗೆ ಮೊಳೆಯಲ್ಲಿ ಆ ಚೀಟಿ ಒಲೆಯ ಬಿಸಿಗೆ ಮೆಲ್ಲಗೆ ಆಡುತ್ತಿತ್ತು, ಎಂದೋ ಸುರಕ್ಷಿತವಾಗಿ ಬಂದು ಮುಟ್ಟಿದ ಒಂದು ಚೀಲದ ಗುರುತು. ಹಂಚಿನ ಮೇಲೆ ರೊಟ್ಟಿ ಸೀದು ಹೊಗೆಯೆದ್ದಿತು. ನಾನು ಫೋನನ್ನು ಕಣ್ಣಿನ ಹತ್ತಿರ ತಂದೆ, ಗಂಟಿನ ಬಾಲ ಎಷ್ಟು ಉದ್ದ ಹೊರಗಿದೆಯೆಂದು ನೋಡಿದೆ, ಇನ್ನೊಮ್ಮೆ ಎಳಿ ಎಂದೆ, ಎಳೆದ; ಇನ್ನೊಮ್ಮೆ ಎಂದೆ. ಏರು ಎಂಬ ಮಾತು ಮಾತ್ರ ನನ್ನ ಬಾಯಿಂದ ಬರಲಿಲ್ಲ. ಕೊನೆಗೆ ಅವನು ತಾನೇ ಅದನ್ನು ಹೇಳಿಕೊಂಡು ಏರಿದ.